ಗಂಟಿಲ್ಲದ ಹೆಣಿಗೆ

ನಮ್ಮವರ ಸುದ್ದಿ ಹೇಳು ಅಂದ್ರೆ ನನಗೆ ಮೊದಲು ಬರೂದು ಸಿಟ್ಟೇ. ಹೆಸರು ಪುಂಡಲೀಕ. ಬೈತಖೋಲದ ಬಂದರಿನಲ್ಲಿ ಯಾರನ್ನೇ ಕೇಳಿ, "ಯಾವ ಪುಂಡಲೀಕ, ಬಲೆ ಪುಂಡಲೀಕನಾ?" ಅಂತಾರೆ. ಟ್ರಾಲರಿನಲ್ಲಿ ಸಮುದ್ರಕ್ಕೆ ಹೋಗೂದು, ದಡಕ್ಕೆ ಬಂದ್ಮೇಲೆ ಹರಿದ ಬಲೆಯನ್ನ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತು ಸರಿಮಾಡೂದು, ಇದು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಮನುಷ್ಯ. ಮಾತು ಕಮ್ಮಿ. ಏನು ಕೇಳಿದ್ರೂ "ಹ್ಞಾ", ಇಲ್ಲಾಂದ್ರೆ "ನೋಡುವಾ". ಮನೆಯಲ್ಲಿ ಮಾತೆಲ್ಲ ನನ್ನದೇ. ನಾನು ಗಂಗೂ, ಬುಟ್ಟಿ ಹೊತ್ಕೊಂಡು ಬಸ್ಸಿನಲ್ಲಿ ಅಂಕೋಲೆ ಪೇಟೆಗೆ ಹೋಗಿ ಮೀನು ಮಾರುವವಳು. ನನಗೆ ಬಾಯಿ ಇಲ್ಲದಿದ್ರೆ ನನ್ನ ಬಂಗಡೆಯನ್ನ ಯಾರು ತಿರುಗಿ ನೋಡ್ತಾರೆ?

ಎರಡು ಸಾವಿರದ ಏಳನೇ ಇಸವಿ, ಶಿವರಾತ್ರಿ ಕಳೆದಿತ್ತು. ಸಮುದ್ರದಲ್ಲಿ ಬಲೆ ಎಳೆಯುವಾಗ, ಹಗ್ಗ ಸುತ್ತುವ ಯಂತ್ರ ಇರ್ತದಲ್ಲ, ಆ ವಿಂಚಿನ ಹಗ್ಗಕ್ಕೆ ಇವರ ಬಲಗೈ ಸಿಕ್ಕಿತು. ಮೊಣಕೈಯಿಂದ ಕೆಳಗೆ ನುಜ್ಜುಗುಜ್ಜು. ದಡಕ್ಕೆ ತರುವಷ್ಟರಲ್ಲಿ ಅರ್ಧ ದಿನ. ನಾನು ಅಂಕೋಲೆಯಿಂದ ಓಡಿ ಬಂದು ನೋಡ್ತೆ, ಆಸ್ಪತ್ರೆ ಮಂಚದ ಮೇಲೆ ಸುಮ್ಮನೆ ಮಲಗಿದ್ದಾರೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಅಳ್ರೀ, ಬಾಯಿಬಿಟ್ಟು ಅಳ್ರೀ ಒಮ್ಮೆ" ಅಂತ ನಾನೇ ಬೈದೆ. "ನೋಡುವಾ" ಅಂದರು. ಎಂತ ನೋಡೂದು ಮಾರಾಯ್ರೆ?

ಎಲುಬು ಕೂಡಿತು. ಬೆರಳು ಮಾತ್ರ ಹಾಗೇ ಮಡಚಿ ಉಳಿದವು. ಡಾಕ್ಟರು ಹೇಳಿದ್ದು ಇಷ್ಟು: "ನರದ್ದು ಈಗಲೇ ಹೇಳೂಕೆ ಬರೂದಿಲ್ಲ. ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡ್ತಾ ಇರಿ. ಹಿಟ್ಟು ನಾದಲಿ, ದಾರ ಹೆಣೆಯಲಿ. ಮಳೆಗಾಲ ಮುಗಿಯುವ ತನಕ ನೋಡುವ." ನಮಗೆ ಮಳೆಗಾಲ ಮುಗೀತು ಅಂದ್ರೆ ನೂಲು ಹುಣ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಬೋಟುಗಳೆಲ್ಲ ಇಳೀತಾವೆ. ಆಗ ಬೋಟಿನಲ್ಲಿ ಇಲ್ಲದವನ ಜಾಗ ಇನ್ನೊಬ್ಬನಿಗೆ ಹೋಯ್ತು ಅಂತಲೇ. ಅಷ್ಟರೊಳಗೆ ಆ ಕೈ ಮುಷ್ಟಿ ಹಿಡೀಬೇಕು. ನನಗೆ ಬೇಕಾದ್ದು ಅದೊಂದೇ, ಬೇರೆ ಎಂತದೂ ಯಾವ ದೇವರ ಹತ್ರವೂ ಕೇಳ್ಲಿಲ್ಲ ನಾನು.

ಹಿಟ್ಟು ನಾದೂಕೆ ಇವರು ಸುತಾರಾಂ ಒಪ್ಪಲಿಲ್ಲ. ನಾನು ನೆರೆಮನೆಯ ಧನಲಕ್ಷ್ಮಿ ಅಕ್ಕೋರ ಹತ್ರ ಹೋದೆ. ಪ್ರೈಮರಿ ಶಾಲೆ ಅಕ್ಕೋರು ಅವರು, ರಜೆ ಬಂತೂಂದ್ರೆ ಕ್ರೋಶಾದ ಕೊಕ್ಕೆ ಸೂಜಿ ಹಿಡ್ಕೊಂಡು ಟಿ.ವಿ.ಗೂ ಅಂಗಿ ಹೆಣೆಯುವವರು. ಮನೆಯಲ್ಲಿ ಉಳಿದ ಉಲ್ಲನ್ ಉಂಡೆಗಳನ್ನೆಲ್ಲ ಚೀಲದಲ್ಲಿ ತುಂಬ್ಕೊಂಡು ಬಂದರು. ಅರಿಶಿನ, ನೇರಳೆ, ಗಿಳಿಹಸಿರು, ಕುಂಕುಮ, ಒಂದಕ್ಕೊಂದು ಸಂಬಂಧ ಇಲ್ಲದ ಬಣ್ಣ.

"ಹೊದಿಕೆ ಮಾಡಿ ಪುಂಡಲೀಕಣ್ಣಾ. ದೊಡ್ಡ ಕೆಲಸ, ಮಳೆಗಾಲ ಪೂರ್ತಿ ಕೈಗೆ ಕೆಲಸ ಸಿಗ್ತದೆ. ನೆಟ್ಟಗೆ ಪಟ್ಟೆ ಬೇಡ, ಬೇಜಾರು ಬರ್ತದೆ. ತೆರೆ ತೆರೆಯಾಗಿ ಏರಿ ಇಳಿಯೂದು ಮಾಡಿ. ಏರಿದ ತುದಿಯಲ್ಲಿ ಒಂದೇ ಕಣ್ಣಿಗೆ, ಅಂದ್ರೆ ಒಂದೇ ಕುಣಿಕೆಗೆ, ಮೂರು ಹಾಕಬೇಕು, ಇಳಿದ ಕಡೆ ಎರಡು ಕಣ್ಣು ಬಿಡಬೇಕು. ಇಷ್ಟೇ."

ಇಷ್ಟೇ ಅಂತೆ! ಮಡಚಿದ ಬೆರಳಿನ ಸಂದಿಯಲ್ಲಿ ಆ ಕೊಕ್ಕೆಯನ್ನ ತುರುಕಿ, ಎಡಗೈಯಲ್ಲಿ ಬಲಗೈಯನ್ನ ನೂಕಿ ನೂಕಿ ಒಂದೊಂದು ಕಣ್ಣು ತೆಗೀಬೇಕಿತ್ತು. ಹಣೆ ಮೇಲೆ ಬೆವರು. ಏರುವಲ್ಲಿ ಮೂರು ಹಾಕೂದು ಮರೀತಿದ್ದರು, ಇಳಿಯುವಲ್ಲಿ ಬಿಡೂದು ಮಾತ್ರ ಮರೀತಿರಲಿಲ್ಲ. ಸಾಲು ಸಾಲಿಗೂ ಹೊದಿಕೆ ಸಣ್ಣ ಆಗ್ತಾ ಬಂದು ಬಾಳೆಲೆ ಕುಡಿಯಾಗಿ ಕೂತಿತು. "ಎಂಥದ್ದು ಇದು, ಬೆಕ್ಕಿಗೆ ಲಂಗೋಟಿಯಾ?" ಅಂದೆ. ನನ್ನ ಬಾಯಿ ಸುಮ್ಮನಿರ್ಬೇಕಲ್ಲ!

ಅಕ್ಕೋರು ಬಂದು ನೋಡಿದರು. "ಅಡ್ಡಿಲ್ಲ, ಬಿಚ್ಚಿ ಮತ್ತೆ ಹೆಣೆಯಿರಿ" ಅಂತ ದಾರದ ತುದಿ ಹಿಡಿದು ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಊಹೂಂ. ಕನ್ನಡಕ ಏರಿಸಿ ಹತ್ತಿರದಿಂದ ನೋಡ್ತಾರೆ, ಇವರು ಒಂದೊಂದು ಕಣ್ಣಿಗೂ ಒಂದೊಂದು ಗಂಟು ಬಿಗಿದಿದ್ದಾರೆ, ಬಲೆಗೆ ಹಾಕುವ ಗಂಟು!

"ಅಯ್ಯೋ ಪುಂಡಲೀಕಣ್ಣಾ, ಇದಕ್ಕೆ ಗಂಟಿಲ್ಲ. ಕಣ್ಣೊಳಗೆ ಕಣ್ಣು ಕೂತ್ರೆ ಮುಗೀತು. ಒಂದು ಎಳೆ ಎಳೆದ್ರೆ ಪೂರ್ತಿ ಬಿಚ್ಚಿ ಬರ್ತದೆ."

ಇವರಿಗೆ ಗಾಬರಿ. "ಗಂಟಿಲ್ಲದ್ದು ನಿಲ್ಲೂದು ಹ್ಯಾಂಗೆ ಅಕ್ಕೋರೆ? ಒಂದು ಕಣ್ಣು ಹರಿದ್ರೆ ಎಲ್ಲಾ ಮೀನು ಹೋಯ್ತಲ್ಲ?"

"ಇದರಲ್ಲಿ ಮೀನು ಹಿಡಿಯೂದಿಲ್ಲ" ಅಂತ ಅಕ್ಕೋರು ನಕ್ಕರು. ನಾನೂ ನಕ್ಕೆ. ಇವರು ನಗಲಿಲ್ಲ. ಇಡೀ ಆಯುಷ್ಯ ಗಂಟು ಹಾಕಿದ ಕೈ ಅದು. ಅರ್ಧ ಸತ್ತಿದ್ರೂ ಗಂಟು ಮರೀಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಎಸೆದು ಮತ್ತೆ ಶುರು ಮಾಡಿದ್ರೆ, ಮತ್ತೆ ಗಂಟು. ಮೂರನೇ ಸಲಕ್ಕೆ ಕೊಕ್ಕೆಯನ್ನ ಬಾಗಿಲಾಚೆ ಗಟಾರಕ್ಕೆ ಬಿಸಾಡಿದರು. ಓಣಿಯ ಗಂಡಸರಿಗೋ ತಮಾಷೆ. "ಏನು ಪುಂಡಲೀಕಣ್ಣಾ, ಬಾಳಂತಿ ಯಾರು?" ಅಂತ ಕೇಳ್ಕೊಂಡು ಹೋಗ್ತಿದ್ರು. ಗಟಾರದಿಂದ ಕೊಕ್ಕೆ ಹೆಕ್ಕಿ ತೊಳೆದು ಇವರ ಮುಂದಿಟ್ಟೆ. "ನಗುವವರ ಮನೆಯಿಂದ ನಾಳೆ ಅಕ್ಕಿ ಬರೂದಿಲ್ಲ. ಹಿಡೀರಿ ಇದನ್ನ" ಅಂದೆ. ಹಿಡಿದರು.

ಮಳೆ ಹಿಡೀತು. ಬೋಟುಗಳು ದಡ ಸೇರಿದವು. ನಾನು ಒಣಮೀನು ಕಟ್ಕೊಂಡು ಅಂಕೋಲೆಗೆ ಹೋಗಿ ಬರ್ತಿದ್ದೆ. ಆ ದಿನಗಳಲ್ಲಿ, ನಂಬಿ ಬಿಡಿ, ಹೊದಿಕೆ ಸರಿಯಾಗೂಕೆ ಶುರುವಾಯ್ತು. ಗಂಟು ಹೋಯ್ತು. ಹೆಣಿಗೆ ಹತ್ತಿಯಷ್ಟು ಮೆತ್ತಗೆ ಬಂತು. ಅರಿಶಿನದ ತೆರೆ ಮೇಲೆ ನೇರಳೆ, ನೇರಳೆ ಮೇಲೆ ಹಸಿರು, ಏರೂದು ಏರೂದೇ, ಇಳಿಯೂದು ಇಳಿಯೂದೇ. ಸಂಜೆ ನಾನು ಮನೆಗೆ ಬಂದು ಛತ್ರಿ ಮಡಚುವಷ್ಟರಲ್ಲಿ ಇವರು "ಇವತ್ತಿಗೆ ಸಾಕು" ಅಂತ ಬಲಗೈ ಬೆರಳಿನ ಸಂದಿಯಿಂದ ಕೊಕ್ಕೆ ತೆಗೆದು ಗೋಡೆ ಗೂಡಿನಲ್ಲಿ ಇಡ್ತಿದ್ದರು. ಆಮೇಲೆ ನಾನು ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯಲ್ಲಿ ಆ ಕೈ ತಿಕ್ಕುತ್ತಿದ್ದೆ. "ಬಿಸಿ ಗೊತ್ತಾಗ್ತದಾ?" "ಹ್ಞಾ, ಗೊತ್ತಾಗ್ತದೆ." ಮೊದಲೆಲ್ಲ ಇಲ್ಲ ಅಂತಿದ್ದವರು. ನನ್ನ ಎದೆ ಹಿಗ್ಗಿ ಹೋಗ್ತಿತ್ತು. ಹಣಕೋಣಕ್ಕೆ ಕೊಟ್ಟ ಮಗಳು ನಿಶಾಗೆ ಫೋನ್ ಬೂತಿನಿಂದ ಹೇಳಿದೆ, "ಅಪ್ಪನ ಕೈ ಬಂತು ಮಗಾ" ಅಂತ. ಅವಳು ಅತ್ತಳು, ನಾನೂ ಅತ್ತೆ.

ಆಮೇಲೆ ಒಂದು ದಿನ ಹೆಣೆದಷ್ಟು ಹೊದಿಕೆಯನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನಿನ ಬುಟ್ಟಿಯಲ್ಲಿಟ್ಟು ಸಾಯಿನಾಥನ ಮನೆಗೆ ಹೋದೆ. ಸಾಯಿನಾಥ ಅಂದ್ರೆ ಇವರು ಹೋಗುವ ಬೋಟಿನ ತಾಂಡೇಲ, ಯಾರು ಬರ್ಬೇಕು ಯಾರು ಬೇಡ ಅಂತ ಹೇಳುವವನು. "ನೋಡು, ಯಾವ ಕೈ ಹೋಯ್ತು ಅಂತ ನೀವೆಲ್ಲ ಹೇಳಿದ್ರಿ? ಈ ಕೈ ಮಾಡಿದ್ದು ಇದು" ಅಂತ ಅವನ ಜಗಲಿ ಮೇಲೆ ಹರಡಿದೆ. ಅವನ ಹೆಂಡತಿ ಮೂಗು ಮುಚ್ಚಿಕೊಂಡಳು, ಒಣಮೀನಿನ ವಾಸನೆಗೆ. ಸಾಯಿನಾಥ ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿ ನೋಡಿದ. "ಪುಂಡಲೀಕಣ್ಣ ಬರಲಿ ಹಾಗಾದ್ರೆ. ಹಗ್ಗದ ಹತ್ರ ನಿಲ್ಲಲಿ, ಬೋಟಿನ ಹುಡುಗ ಬೀರು ಇರ್ತಾನೆ ಜೊತೆಗೆ" ಅಂದ. ನಾನು ಕುಣಿಯೂದೊಂದು ಬಾಕಿ.

ಹುಣ್ಣಿಮೆ ಇನ್ನೇನು ಹತ್ತಿರ ಬಂತು. ಆ ದಿವಸ ಅಂಕೋಲೆಗೆ ಅಂತ ಹೊರಟಿದ್ದೆ, ಅಮದಳ್ಳಿ ಹತ್ರ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಕಾದು ಕಾದು ಬೇಸತ್ತು ಎದುರು ಬದಿಯ ಟೆಂಪೋ ಹತ್ತಿ ವಾಪಸ್ ಬಂದೆ. ಮಳೆ ಶಬ್ದಕ್ಕೆ ನಾನು ಬಂದದ್ದು ಇವರಿಗೆ ಕೇಳಲಿಲ್ಲ. ಬಾಗಿಲ ಸಂದಿಯಲ್ಲಿ ನೋಡಿದೆ.

ಕೊಕ್ಕೆ ಎಡಗೈಯಲ್ಲಿತ್ತು. ಸರಸರ ಓಡ್ತಾ ಇತ್ತು. ಬಲಗೈ ತೊಡೆ ಮೇಲೆ ಬಿದ್ದಿತ್ತು. ಅದರ ಮಡಚಿದ ಬೆರಳಿಗೆ ದಾರ ಸುತ್ತಿ, ಉಂಡೆ ಉರುಳದ ಹಾಗೆ ಗೂಟ ಮಾಡಿಕೊಂಡಿದ್ದರು. ಅಷ್ಟೇ ಅದರ ಕೆಲಸ.

ನನಗೆ ಆಗ ತಲೆಗೆ ಹೋಯ್ತು ಗಂಟು ಯಾಕೆ ನಿಂತಿತು ಅಂತ. ಎಡಗೈ ಯಾವತ್ತೂ ಬಲೆಗೆ ಗಂಟು ಹಾಕಿದ್ದಲ್ಲ. ಅದಕ್ಕೆ ಅಕ್ಕೋರು ಹೇಳಿದ್ದು ಹೇಳಿದ ಹಾಗೇ ಬಂತು.

ಒಳಗೆ ಹೋಗಲಿಲ್ಲ. ನೆಂದ ಸೀರೆಯಲ್ಲೇ ಅಕ್ಕೋರ ಮನೆಗೆ ಹೋದೆ. "ನಿಮಗೆ ಗೊತ್ತಿತ್ತಾ?" ಅಂದೆ. ಅಕ್ಕೋರು ಮುಖ ತಿರುಗಿಸಿದರು. "ಹೆಣಿಗೆ ವಾಲೂದು ನೋಡಿದ್ರೆ ಯಾವ ಕೈ ಅಂತ ತಿಳೀತದೆ ಗಂಗೂ. ಹೇಳಬೇಡಿ ಅಂತ ನನ್ನ ಮುಂದೆ ಕೈ ಮುಗಿದರು. ಒಂದೇ ಕೈ ಎತ್ತಿ ಮುಗಿದರು. ನಾ ಎಂತ ಮಾಡಲಿ?" ಡಾಕ್ಟರು ಮಳೆ ಶುರುವಿನಲ್ಲೇ ಇವರಿಗೆ ಹೇಳಿಬಿಟ್ಟಿದ್ದರಂತೆ, ನರ ಹೋಗಿದೆ, ಇನ್ನು ಬರೂದಿಲ್ಲ ಅಂತ. ನನ್ನ ಗಂಡನ ಕೈ ಸತ್ತದ್ದು ಡಾಕ್ಟರಿಗೆ ಗೊತ್ತು, ನೆರೆಮನೆಗೆ ಗೊತ್ತು, ದಿನಾ ಅದನ್ನ ತಿಕ್ಕುವವಳಿಗೆ ಗೊತ್ತಿಲ್ಲ!

ಸಂಜೆ ಎಣ್ಣೆ ಕಾಯಿಸಲಿಲ್ಲ. ಡಬ್ಬಿಯಿಂದ ಹಾಗೇ ಸುರಿದುಕೊಂಡು ಆ ಕೈಗೆ ಹಚ್ಚಿದೆ. ಇವರು ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

"ಬಿಸಿ ಹ್ಯಾಂಗಿದೆ?"

"ಹದವಾಗಿದೆ. ಇವತ್ತು ಚೊಲೋ ಗೊತ್ತಾಗ್ತದೆ."

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಹೇಳಿಬಿಡಿ, ದೇವರಾಣೆ ಬೈಯೂದಿಲ್ಲ, ಹೇಳಿಬಿಡಿ ಅಂತ ಒಳಗೊಳಗೇ ಕೂಗ್ತಿದ್ದೆ. ಮರುದಿನವೂ ಬಾಯಿ ಬಿಡ್ತಾರೇನೋ ಅಂತ ಕಾದೆ. "ಬೋಟಿಗೆ ಹೋಗೂದು ಹೌದಾ? ಒಂದು ತಿಂಗಳು ತಡೆದ್ರೆ ಆಗೂದಿಲ್ವಾ?" ಅಂದೆ. "ನೀನೇ ಮಾತಾಡಿ ಬಂದ್ಯಲ್ಲ. ಹೋಗ್ತೆ" ಅಂದರು. ಬೋಟಿನಲ್ಲಿ ಹಗ್ಗದ ಹತ್ರ ನಿಲ್ಲೂದು ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ವಾ? ಒಮ್ಮೆ ಕೈ ಜಾರಿದ್ರೆ ಇವರೂ ಹೋದರು, ಆಚೆ ತುದಿಯ ಬೀರುವೂ ಹೋದ. ಬೀರುವಿಗೆ ಮದುವೆಯಾಗಿ ವರ್ಷ ಆಗಿರಲಿಲ್ಲ. ಇವರು ಸಾಯೂಕೆ ತಯಾರು, ಸುಳ್ಳು ಬಿಡೂಕೆ ತಯಾರಿಲ್ಲ. ಎಂಥಾ ಗಂಡಸು ಮಾರಾಯ್ರೆ!

ಸಮುದ್ರಕ್ಕೆ ಕಾಯಿ ಬಿಟ್ಟಾಯ್ತು. ಮರುದಿನ ಬೆಳಿಗ್ಗೆ ಬೋಟು ಕಟ್ಟುವ ಧಕ್ಕೆಯ ಮೇಲೆ ಜನವೋ ಜನ. ಬೋಟುಗಳಿಗೆ ಹೂವಿನ ಮಾಲೆ, ಐಸ್ ತುಂಬುವ ಗಲಾಟೆ, ಎಂಜಿನ್ನಿನ ಹೊಗೆ. ಇವರು ಹೊಸ ಬನಿಯನ್ ಹಾಕ್ಕೊಂಡು, ಚೀಲ ಎಡ ಹೆಗಲಿಗೆ ಏರಿಸಿಕೊಂಡು ಬೋಟು ಹತ್ತೂಕೆ ಕಾಲೆತ್ತಿದರು. ನನ್ನ ಬಾಯಿ ಅಲ್ಲಿ ತನಕ ಹ್ಯಾಂಗೆ ಮುಚ್ಚಿತ್ತೋ ನನಗೇ ಗೊತ್ತಿಲ್ಲ.

"ಸಾಯಿನಾಥಾ, ಇವರನ್ನ ಕರ್ಕೊಂಡು ಹೋಗಬೇಡ! ಇವರ ಬಲಗೈಯಲ್ಲಿ ಜೀವ ಇಲ್ಲ!"

ಧಕ್ಕೆಗೆ ಧಕ್ಕೆಯೇ ತಿರುಗಿ ನೋಡಿತು. ಇವರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆಯೂಕಾಗೂದಿಲ್ಲ. "ಅವಳಿಗೆ ಮಂಡೆ ಸರಿಯಿಲ್ಲ" ಅಂದರು. ಸಾಯಿನಾಥ ಬೋಟಿನ ಅಂಚಿಗೆ ಬಂದ. ಬೋಟಿನಿಂದ ಒಂದು ಹಗ್ಗದ ತುದಿ ತೆಗೆದು ಇವರ ಬಲಗಡೆಗೆ ಎಸೆದ. ಅದು ಬಲಗೈಗೆ ಬಡಿದು ನೆಲಕ್ಕೆ ಬಿತ್ತು. ಬೆರಳು ಅಲುಗಲೂ ಇಲ್ಲ. ಇವರು ಬಗ್ಗಿ ಅದನ್ನ ಎಡಗೈಯಲ್ಲಿ ಹೆಕ್ಕಿದರು.

ಸಾಯಿನಾಥ ಕೆಳಗಿಳಿದು ಬಂದು ಆ ಹಗ್ಗವನ್ನ ಮೆತ್ತಗೆ ಬಿಡಿಸಿಕೊಂಡ. ಬಲೆ ಕೆಲಸ ಅವನಿಗೆ ಕಲಿಸಿದ್ದೇ ಇವರು. "ಮುಂದಿನ ಸಲ ನೋಡುವ ಪುಂಡಲೀಕಣ್ಣಾ" ಅಂದ. ಮುಂದಿನ ಸಲ ಇಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬೋಟು ಬಿಟ್ಟಿತು. ಒಂದರ ಹಿಂದೆ ಒಂದು ಎಲ್ಲಾ ಬೋಟುಗಳೂ ಬಿಟ್ಟವು. ಹೆಂಗಸರು, ಮಕ್ಕಳು ಮನೆಗೆ ಹೋದರು.

ಇವರು ಮೀನಿನ ಖಾಲಿ ಕ್ರೇಟಿನ ಮೇಲೆ ಕೂತರು. ಬೈಯಲಿ, ಹೊಡೀಲಿ ಅಂತ ನಾನೂ ಪಕ್ಕದಲ್ಲಿ ಹೋಗಿ ಕೂತೆ. ನಾಳೆಗೆ ಎಂತ ಅಂತ ನನಗೂ ಗೊತ್ತಿರಲಿಲ್ಲ. ಅವರ ಬಲಗೈಯನ್ನ ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ.

ಇವರು ಸಮುದ್ರದ ಕಡೆಯೇ ನೋಡ್ತಾ ಕೇಳಿದರು: "ಯಾವಾಗಿಂದ ಗೊತ್ತಿತ್ತು?"

"ಮೊನ್ನೆಯಿಂದ."

"ಎಣ್ಣೆ?"

"ತಣ್ಣಗಿತ್ತು."

"ಹ್ಞಾ" ಅಂದರು. ಕೈ ನುಜ್ಜಾದಾಗ ಅಳದವರು, ಅವತ್ತು ಹಾಡಹಗಲಲ್ಲಿ ಧಕ್ಕೆ ಮೇಲೆ ಕೂತು ಅತ್ತರು. ಬೋಟುಗಳು ಲೈಟ್‌ಹೌಸ್ ಗುಡ್ಡ ದಾಟಿ ಕಾಣದಾದವು. ಅಲ್ಲಿ ತನಕ ಇವರು ಕಣ್ಣು ತೆಗೀಲಿಲ್ಲ. ಹಾಗೇ ಅತ್ತ ನೋಡ್ತಾನೇ ಹೇಳಿದರು:

"ಗಂಗೂ, ಆ ಕೈಯನ್ನ ಸ್ವಲ್ಪ ಹಿಡ್ಕೊ ಮಾರಾಯ್ತಿ."

ನಾನು ಆಗಲೇ ಎರಡೂ ಕೈಯಲ್ಲಿ ಅದನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ.