ಲೇಸರ್ ತಲೆಯನ್ನು ದಂತವೈದ್ಯರಿಗೆ ತೋರಿಸಿದ್ದು

ಉಡುಪಿ ಹತ್ತಿರದ ಪರ್ಕಳದಲ್ಲಿ ನಮ್ಮದೊಂದು ವರ್ಕ್‌ಶಾಪ್ ಉಂಟು. ಲೇಸರ್ ಯಂತ್ರದಲ್ಲಿ ಸ್ಟೀಲ್ ಹಾಳೆ ಕತ್ತರಿಸಿ ಗೇಟು, ಗ್ರಿಲ್ಲು, ಅಂಗಡಿಯ ಬೋರ್ಡು ಮಾಡಿಕೊಡುತ್ತೇವೆ. ನಾನು, ನನ್ನ ಗಂಡ ಇಬ್ಬರೂ ಎಂಜಿನಿಯರಿಂಗ್ ಓದಿದವರು. ಯಂತ್ರ ಕೂರಿಸಲು ಬಂದ ಕಂಪನಿಯವರು ನಮ್ಮ ಓದನ್ನು ಬಹಳ ಮೆಚ್ಚಿಕೊಂಡರು. ಮೆಚ್ಚಿಕೊಂಡ ಮೇಲೆ, ಯಾವ ಮುಚ್ಚಳವನ್ನೂ ತೆರೆಯಬೇಡಿ, ತೆರೆದರೆ ವಾರಂಟಿ ಹೋಗುತ್ತದೆ ಎಂದರು. ನಾವು ವಿಧೇಯರಾಗಿ ಹೊರಗಿನಿಂದ ಒರೆಸುತ್ತ, ಆಯುಧಪೂಜೆಗೆ ಹೂ ಹಾಕುತ್ತ ಇದ್ದೆವು. ನಮ್ಮ ಸರ್ವಿಸ್ ಎಂದರೆ ಅಷ್ಟೇ.

ಒಂದು ಜೂನ್ ತಿಂಗಳಲ್ಲಿ, ಕಾಪುವಿನ ಗಿರಾಕಿಯೊಬ್ಬರ ಗೇಟು ಅರ್ಧ ಆಗಿದ್ದಾಗ ಯಂತ್ರ ಕೈಕೊಟ್ಟಿತು. ಅವರು ಗಲ್ಫಿನಿಂದ ರಜೆಯಲ್ಲಿ ಬಂದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಹೊಸ ಮನೆಗೆ ಗೇಟು ನಿಲ್ಲಿಸಿಯೇ ವಿಮಾನ ಹತ್ತಬೇಕೆಂದಿದ್ದರು. ಕಿಡಿ ಹಾರುತ್ತಿತ್ತು, ಸದ್ದು ಬರುತ್ತಿತ್ತು, ಹಾಳೆ ಮಾತ್ರ ತುಂಡಾಗುತ್ತಿರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಸಿಹಿ ದನಿಯ ಒಬ್ಬಳು, ಆಫ್ ಮಾಡಿ ಆನ್ ಮಾಡಿದಿರಾ ಎಂದು ಕೇಳಿದಳು. ಮಾಡಿದ್ದೆವು. ಮತ್ತೊಮ್ಮೆ ಮಾಡಿ ಎಂದಳು. ಎಂಜಿನಿಯರು ಬೇರೆ ರಾಜ್ಯದಲ್ಲಿದ್ದಾರೆ, ಅಲ್ಲಿನ ಕೆಲಸ ಮುಗಿದ ಕೂಡಲೇ ಹೊರಡುತ್ತಾರಂತೆ. ಅದು ಮುಗಿಯಲಿಲ್ಲ. ಗಿರಾಕಿ ದಿನಾ ಬಂದು, ಆಸ್ಪತ್ರೆಯಲ್ಲಿ ನೆಂಟರನ್ನು ನೋಡುವ ಹಾಗೆ ಯಂತ್ರದ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಕೊನೆಗೆ ಎಂಜಿನಿಯರು ಬಂದರು. ಒಳ್ಳೆಯ ಮನುಷ್ಯ. ಉಡುಪಿಗೆ ಮೊದಲ ಸಲವಂತೆ, ಹಾಗಾಗಿ ಮೊದಲು ದೇವರ ದರ್ಶನ, ಆಮೇಲೆ ಬೀಚು, ಆಮೇಲೆ ನಮ್ಮ ಯಂತ್ರ. ಕಿರಣ ಹೊರಬರುವ ಭಾಗಕ್ಕೆ ನಾವು ತಲೆ ಎನ್ನುತ್ತೇವೆ. ಅದನ್ನು ಬಿಚ್ಚಿ, ಲೆನ್ಸನ್ನು ಕಾಯುವ ಗಾಜು ಸುಟ್ಟಿದೆ ಎಂದು ತೋರಿಸಿ, ಹೊಸದು ಹಾಕಿದರು. ಯಂತ್ರ ಬೆಣ್ಣೆಯಂತೆ ಕತ್ತರಿಸಿತು. ಅವರು ರೈಲು ಹತ್ತಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ದೂರು ಹೇಳಲು ಫೋನ್ ಎತ್ತಿದರೆ ಕಂಪನಿಯ ಸಂದೇಶ ಕಾಯುತ್ತಿತ್ತು: ನಿಮ್ಮ ಸಮಸ್ಯೆ ಬಗೆಹರಿದಿದೆ, ಎಷ್ಟು ಸ್ಟಾರ್ ಕೊಡುತ್ತೀರಿ?

ವಾರಂಟಿ ಹೋದರೆ ಹೋಗಲಿ, ನಾನೇ ಬಿಚ್ಚುತ್ತೇನೆ ಎಂದೆ. ಧೂಳಿಲ್ಲದ ಜಾಗ ಬೇಕಲ್ಲ ಎಂದ ಗಂಡ. ನಮ್ಮಲ್ಲಿ ಧಾರಾಳವಾಗಿ ಇದ್ದದ್ದೇ ಧೂಳು. ನನಗೆ ಹೊಳೆದದ್ದು ಬನ್ನಂಜೆಯಲ್ಲಿರುವ ತಂಗಿಯ ಹಲ್ಲಿನ ಕ್ಲಿನಿಕ್. ತಲೆಯನ್ನು ಒಗೆದ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೋದೆ. ಹೊರಗೆ ಕೆನ್ನೆ ಊದಿಸಿಕೊಂಡು ಕೂತಿದ್ದ ಹೆಂಗಸು, ಮಗುವಿಗೆ ಎಂತ ಆಗಿದೆ ಎಂದು ಮರುಕದಿಂದ ಕೇಳಿದರು.

ತಂಗಿ ರೋಗಿಯ ಕುರ್ಚಿಯ ಪಕ್ಕದ ಟ್ರೇಯಲ್ಲಿ ತಲೆಯನ್ನು ಇರಿಸಿ, ದೀಪ ಎಳೆದು, ದೊಡ್ಡದಾಗಿ ಕಾಣಿಸುವ ಕನ್ನಡಕ ಹಾಕಿಕೊಂಡಳು. ನಾನು ಸ್ಕ್ರೂ ಬಿಚ್ಚಿದೆ. ಹೊಸ ಗಾಜಿನಲ್ಲೂ ಕಪ್ಪು ಚುಕ್ಕೆ.

"ಹುಳುಕು ಮಾರಾಯ್ತಿ. ಫಿಲ್ಲಿಂಗ್ ಆಗುವುದಿಲ್ಲ, ಕೀಳಬೇಕು," ಎಂದಳು. ಮತ್ತೆ ಬಗ್ಗಿ ನೋಡಿ, ಒಳಗೆಲ್ಲ ನೀರು ಒಣಗಿದ ಗುರುತು ಉಂಟಲ್ಲ ಎಂದಳು. ನೀರು ಎಲ್ಲಿಂದ ಬಂತು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಎತ್ತಿ ಹಿಡಿದಳು.

"ತಣ್ಣಗಿನ ಕನ್ನಡಿ ಬಾಯಿಗೆ ಹಾಕಿದರೆ ಮಂಜು ಕೂರುತ್ತದೆ. ನಾವು ಮೊದಲು ಬೆಚ್ಚಗೆ ಮಾಡಿಕೊಳ್ಳುತ್ತೇವೆ."

ಅಲ್ಲಿಗೆ ಅರ್ಥವಾಯಿತು. ಯಂತ್ರವನ್ನು ತಂಪಾಗಿಡುವ ನೀರನ್ನು ನಾವು ಕೈಪಿಡಿಯಲ್ಲಿ ಹೇಳಿದಷ್ಟೇ ತಣ್ಣಗೆ ಇಟ್ಟಿದ್ದೆವು. ಅದನ್ನು ಬರೆದವರ ಊರಿನಲ್ಲಿ ಮಳೆಗಾಲದಲ್ಲೂ ಬಟ್ಟೆ ಒಣಗುತ್ತಿರಬೇಕು. ನಮ್ಮ ಜೂನ್ ತಿಂಗಳ ಗಾಳಿಯೆಂದರೆ ತೆರೆದ ಬಾಯಿಯೇ. ರಾತ್ರಿಯಿಡೀ ತಣ್ಣಗಿದ್ದ ಗಾಜಿನ ಮೇಲೆ ತೇವ ಕೂತು, ಕಿರಣ ಬಿದ್ದ ಕೂಡಲೇ ಸುಡುತ್ತಿತ್ತು. ಎಂಜಿನಿಯರು ಬಿಟ್ಟುಹೋಗಿದ್ದ ಇನ್ನೊಂದು ಗಾಜು ಹಾಕಿ ನೀರನ್ನು ಸ್ವಲ್ಪ ಬೆಚ್ಚಗೆ ಇಟ್ಟೆವು. ಯಂತ್ರ ಮತ್ತೆ ತಕರಾರು ಮಾಡಲಿಲ್ಲ.

ಗಿರಾಕಿ ಹೊರಡುವ ಮುನ್ನಾದಿನ ಗೇಟು ನಿಂತಿತು. ಅವರು ಅದನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಇನ್ನು ಅಲ್ಲಿ ಫೋಟೋದಲ್ಲಿ ನೋಡುವುದು ತಾನೇ," ಎಂದರು. "ಒಮ್ಮೆ ನನ್ನ ಕೈಯಲ್ಲೇ ತೆರೆದೆನಲ್ಲ, ಸಾಕು."

ನಾವೇ ಬಿಚ್ಚಿ ಸರಿಮಾಡಿದ್ದನ್ನು ತಿಳಿಸಿದಾಗ ಕಂಪನಿ ವಿಷಾದ ಸೂಚಿಸಿ ವಾರಂಟಿ ರದ್ದು ಮಾಡಿತು. ನಾವು ವರ್ಕ್‌ಶಾಪಿನ ಮೂಲೆಯಲ್ಲಿ ಏಸಿ ಹಾಕಿದ ಚಿಕ್ಕ ಕೋಣೆ ಕಟ್ಟಿಸಿ, ಗಾಜು, ಲೆನ್ಸು ತಂದಿಟ್ಟು, ನಮ್ಮ ರಿಪೇರಿ ನಾವೇ ಕಲಿತೆವು. ಮುಂದಿನ ಮಳೆಗಾಲದಲ್ಲಿ ಅದೇ ಕಂಪನಿಯಿಂದ ಅದೇ ಸಿಹಿ ದನಿ: ಕಾರ್ಕಳದ ಕಲ್ಲು ಕೆತ್ತುವವರ ಯಂತ್ರ ನಿಂತಿದೆ, ಎಂಜಿನಿಯರು ಬೇರೆ ರಾಜ್ಯದಲ್ಲಿದ್ದಾರೆ, ನೀವೊಮ್ಮೆ ಹೋಗಿ ನೋಡಬಹುದಾ?

ಹೋದೆ. ಮಾಲೀಕರು ನನ್ನನ್ನು ಆದರದಿಂದ ಕೂರಿಸಿ, ಕಾಫಿ ತರಿಸಿ, ನನ್ನ ಹಿಂದಿನ ಬಾಗಿಲನ್ನು ನೋಡುತ್ತ, ಎಂಜಿನಿಯರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ವಿಚಾರಿಸಿದರು.