ಸಾಲು ಒಂದರ ಮೊದಲನೇ ಕಾರು

ಯೋಸ್ಟೈನ್ ಬ್ರುವೋಲ್‌ಗೆ ಇಪ್ಪತ್ತೊಂಬತ್ತು ವರ್ಷ. ನಗರಸಭೆಯ ಕಂಪ್ಯೂಟರ್ ವಿಭಾಗದಲ್ಲಿ ಸಂಬಳದ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ನಾನೂರ ಹದಿನೈದು ನೌಕರರಿಗೆ ಒಂದು ಪತ್ರ ಕಳಿಸಬೇಕು: ‘ನಿಮ್ಮ ಯಂತ್ರ ಅಪ್‌ಡೇಟ್ ಕೇಳಿದಾಗ ದಯವಿಟ್ಟು ಆಮೇಲೆ ಎಂದು ಒತ್ತಬೇಡಿ.’ ನಾನೂರ ಹದಿನೈದು ಜನವೂ ‘ಆಮೇಲೆ’ ಒತ್ತುತ್ತಿದ್ದರು. ಮುಂದಿನ ಸೋಮವಾರ ಅವನು ಅದೇ ಪತ್ರವನ್ನು ಇನ್ನೂ ಸ್ವಲ್ಪ ವಿನಯ ಬೆರೆಸಿ ಕಳಿಸುತ್ತಿದ್ದ. ಹೀಗೆ ಆರು ವರ್ಷ ಕಳೆದವು. ಯಾರ ಮೇಲೂ ನಡೆಯದ ತನ್ನ ಮಾತು ತನ್ನ ಮೇಲಾದರೂ ನಡೆಯಲಿ ಎಂದು ಅವನು ಒಂದು ವ್ರತ ಹಿಡಿದಿದ್ದ. ಫೋನು, ಟೀವಿ, ಹಲ್ಲುಜ್ಜುವ ಬ್ರಷ್ಷು, ಮನೆಯ ಕಾರು, ಯಾವುದು ಅಪ್‌ಡೇಟ್ ಕೇಳಿದರೂ ಆ ಕ್ಷಣವೇ ‘ಈಗಲೇ’ ಒತ್ತುವುದು. ಬ್ರಷ್ಷು ಒಂದು ಸಲ ಅಪ್‌ಡೇಟ್ ಆಗಿ ಎರಡು ದಿನ ಅಲುಗಾಡಲಿಲ್ಲ. ಅವನು ಕೈಯಲ್ಲೇ ತಿಕ್ಕಿಕೊಂಡ. ವ್ರತ ಬಿಡಲಿಲ್ಲ.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಅದು ಫ್ಯೋರ್ಡ್ ಎಂಬ, ಬೆಟ್ಟಗಳ ನಡುವೆ ನುಗ್ಗಿದ ಕಡಲ ತೋಳಿನ ದಂಡೆಯ ಗಂಡಸರಿಗೆಲ್ಲ ಇರುವಂಥದ್ದೇ: ಆಚೆ ದಡಕ್ಕೆ ದಾಟಿಸುವ ಫೆರಿ ಹಡಗಿಗೆ ಕಾಯುವ ಕಾರುಗಳಲ್ಲಿ ತನ್ನ ಕಾರೇ ಮೊದಲು ನಿಲ್ಲಬೇಕು. ಮೊದಲು ನಿಂತವನಿಗೆ ಅಲ್ಲಿ ಯಾರೂ ಹಾರ ಹಾಕುವುದಿಲ್ಲ. ಆದರೆ ಸಾಲು ಒಂದರ ತುದಿಗೆ, ಬಿಳಿ ಗೆರೆಗೆ ಮೂತಿ ತಾಗಿಸಿ ಕಾರು ನಿಲ್ಲಿಸಿದಾಗ ಎದೆಯಲ್ಲಿ ಒಂದು ತಂಪು. ಹಿಂದೆ ಬಂದವರು ‘ಇವನು ಎಷ್ಟು ಹೊತ್ತಿಗೆ ಎದ್ದಿರಬೇಕು’ ಎಂದುಕೊಳ್ಳುತ್ತಾರೆ ಎಂಬ ಊಹೆ. ಅವರು ಹಾಗೇನೂ ಅಂದುಕೊಳ್ಳುವುದಿಲ್ಲ. ಅವರದೂ ಅದೇ ಚಿಂತೆ: ನಾನು ಯಾಕೆ ಮೊದಲಾಗಲಿಲ್ಲ?

ಮೇ ತಿಂಗಳ ಆ ಭಾನುವಾರ ಅವನು ಒಂಬತ್ತೂ ಹತ್ತರ ಫೆರಿಗೆ ಎಂಟೂ ಹದಿನೈದಕ್ಕೇ ಬಂದು ನಿಂತಿದ್ದ. ಪಕ್ಕದ ಸೀಟಿನಲ್ಲಿ ಅವನ ಅತ್ತೆ ಓಡ್ನಿ, ಎಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಹೆಣಿಗೆ. ಆಚೆ ದಡದ ಚರ್ಚಿನಲ್ಲಿ ಹನ್ನೊಂದಕ್ಕೆ ಓಡ್ನಿಯ ಮೊಮ್ಮಗಳು ಟೂವಾಳ ಕನ್ಫರ್ಮೇಶನ್, ಹದಿಹರೆಯದ ಮಕ್ಕಳು ಎಲ್ಲರೆದುರು ತಮ್ಮ ನಂಬಿಕೆ ದೃಢಪಡಿಸುವ ವಿಧಿ. ಯೋಸ್ಟೈನನ ಹೆಂಡತಿ ಸಿಲ್ಯೆ ಶುಕ್ರವಾರವೇ ಟೂವಾಳ ತಾಯಿಯಾದ ತನ್ನ ಅಕ್ಕನ ಮನೆಗೆ ಹೋಗಿ ಕುರ್ಚಿ ಜೋಡಿಸುತ್ತಿದ್ದಳು. ಇವನಿಗೆ ವಹಿಸಿದ್ದು ಎರಡೇ ವಸ್ತು: ಅತ್ತೆ, ಮತ್ತು ಡಿಕ್ಕಿಯಲ್ಲಿರುವ ಉದ್ದನೆಯ ರಟ್ಟಿನ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಇದ್ದದ್ದು ಬುನಾಡ್. ಆ ಕಣಿವೆಯ ಹೆಣ್ಣುಮಕ್ಕಳು ಹಬ್ಬಕ್ಕೆ ಉಡುವ ಉಣ್ಣೆಯ ಲಂಗ, ಕಸೂತಿ ರವಿಕೆ, ಬಿಳಿ ಅಂಗಿ, ಏಪ್ರನ್, ಬೆಳ್ಳಿಯ ಗುಂಡಿಗಳು. ಓಡ್ನಿ ಎರಡು ಚಳಿಗಾಲ ಕೂತು ಹೊಲಿದದ್ದು. ಕ್ರಿಸ್ಮಸ್ಸಿಗೆ ಸರಿಯಾಗಿತ್ತು. ಆಮೇಲೆ ಟೂವಾ ನಾಲ್ಕು ಸೆಂಟಿಮೀಟರ್ ಬೆಳೆದುಬಿಟ್ಟಳು. ಅಂಚು ಬಿಚ್ಚಿ ಇಳಿಸಿ ಮತ್ತೆ ಹೊಲಿದು ಮುಗಿದದ್ದು ಶನಿವಾರ ಮಧ್ಯಾಹ್ನ. ಹುಡುಗಿಯ ಬಳಿ ಬದಲಿಗೆ ಉಡಲು ಏನೂ ಇರಲಿಲ್ಲ. ಜೊತೆಯ ಹದಿನೇಳು ಮಕ್ಕಳೂ ಬುನಾಡಿನಲ್ಲೇ ನಿಲ್ಲುವವರು.

‘ಬಸ್ಸಲ್ಲಿ ಹೋಗೋಣ ಅಂದೆ, ಕೇಳಿದ್ಯಾ?’ ಅಂದರು ಓಡ್ನಿ, ಹೆಣಿಗೆಯಿಂದ ತಲೆ ಎತ್ತದೆ.

‘ಓಡ್ನಿ, ನಾವು ಸಾಲಲ್ಲಿ ಮೊದಲು ಇದ್ದೀವಿ,’ ಅಂದ ಯೋಸ್ಟೈನ್. ಅತ್ತೆಯನ್ನೂ ಹೆಸರು ಹಿಡಿದು ಏಕವಚನದಲ್ಲೇ ಮಾತಾಡಿಸುವ ನಾಡು ಅದು. ಮರ್ಯಾದೆಯನ್ನು ಬೇರೆ ಕಡೆ ತೋರಿಸಬೇಕು.

‘ಮೊದಲು ಹತ್ತಿದ್ರೆ ಆ ದಡ ಮೊದಲು ಬರುತ್ತಾ?’

ಆಗಲೇ ಕಾರಿನ ಪರದೆ ಬೆಳಗಿತು. ಹೊಸ ಅಪ್‌ಡೇಟ್ ಸಿದ್ಧವಾಗಿದೆ. ಇದರಿಂದ ಸೀಟು ಬಿಸಿ ಮಾಡುವ ಗುಂಡಿಯ ಚಿತ್ರ ಹೆಚ್ಚು ದುಂಡಗಾಗುತ್ತದೆ, ಹಿಂದಕ್ಕೆ ಹೋಗುವಾಗಿನ ಸದ್ದು ಹೆಚ್ಚು ಆತ್ಮೀಯವಾಗುತ್ತದೆ. ಸಮಯ: ಸುಮಾರು ನಲವತ್ತು ನಿಮಿಷ. ಈ ಅವಧಿಯಲ್ಲಿ ವಾಹನ ಬಳಸುವಂತಿಲ್ಲ.

ಯೋಸ್ಟೈನ್ ಗಡಿಯಾರ ನೋಡಿದ. ಎಂಟೂ ಹದಿನೆಂಟು. ಫೆರಿಗೆ ಐವತ್ತೆರಡು ನಿಮಿಷ. ಐವತ್ತೆರಡರಲ್ಲಿ ನಲವತ್ತು ಕಳೆದರೆ ಹನ್ನೆರಡು. ತಡವಾಗಿ ಬಂದು ಬಾಲ ಹಿಡಿಯುವವರಿಗೆ ಇಂಥ ಹನ್ನೆರಡು ನಿಮಿಷ ಎಲ್ಲಿ ಸಿಗಬೇಕು? ಬೇಗ ಏಳುವವನ ಬಾಳಿನ ಸೊಗಸೇ ಇದು ಎಂದು ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡು ‘ಈಗಲೇ’ ಒತ್ತಿದ.

‘ಏನದು ಒತ್ತಿದ್ದು?’

‘ಏನಿಲ್ಲ. ಕಾರು ಸ್ವಲ್ಪ ಸುಧಾರಿಸಿಕೊಳ್ಳತ್ತೆ.’

‘ಯಾಕೆ, ಕೆಟ್ಟಿತ್ತಾ?’

‘ಇಲ್ಲ, ಚೆನ್ನಾಗೇ ಇತ್ತು.’

ಓಡ್ನಿ ಒಂದು ಸುತ್ತು ಹೆಣೆದು ಮುಗಿಸಿ, ‘ಹಾಗಾದ್ರೆ?’ ಅಂದರು. ಯೋಸ್ಟೈನ್ ಕಾಫಿ ತರುವ ನೆಪ ಹೇಳಿ ಇಳಿದು ಹೋದ.

ಕಟ್ಟೆಯ ಅಂಗಡಿಯಲ್ಲಿ ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಎರಡು ಸ್ವೇಲೆ ರೊಟ್ಟಿ ಕೊಂಡ. ಅಲ್ಲೇ ನಿಂತು ಒಂದನ್ನು ತಿಂದ. ಅತ್ತೆಯ ಪಾಲಿನದು ಆರಿಹೋಗುತ್ತದೆ ಎಂಬ ಕಾಳಜಿಯಿಂದ ಅದನ್ನೂ ತಿಂದ. ಹಿಂದೆ ಕಾರುಗಳು ಒಂದೊಂದಾಗಿ ಬಂದು ಮೂರು ಸಾಲೂ ತುಂಬುತ್ತಿದ್ದವು. ಸಾಲು ಒಂದರಲ್ಲಿ ಅವನ ಹಿಂದೆಯೇ ಒಂದು ಹಳೇ ಡೀಸೆಲ್ ಗಾಡಿ ನಿಂತಿತು. ಅದಕ್ಕೆ ಕಟ್ಟಿದ ಟ್ರೇಲರಿನಲ್ಲಿ ಏಳೆಂಟು ಕುರಿ. ಅದರ ಹಿಂದೆ ಹತ್ತು ಕಾರು. ಎಡಕ್ಕೆ ಸಾಲು ಎರಡು. ಬಲಕ್ಕೆ ಬಂಡೆಗೋಡೆ.

ಫೋನಿನಲ್ಲಿ ಅಪ್‌ಡೇಟ್ ಚುರುಕಾಗಿ ಏರುತ್ತಿತ್ತು. ಎಂಟೂ ಐವತ್ತಕ್ಕೆ ನೂರಕ್ಕೆ ಎಂಬತ್ತೆಂಟು. ಎಂಟೂ ಐವತ್ತೈದಕ್ಕೆ ತೊಂಬತ್ತೆರಡು. ಎಂಟೂ ಐವತ್ತೇಳಕ್ಕೆ ತೊಂಬತ್ತೆರಡು. ಎಂಟೂ ಐವತ್ತೊಂಬತ್ತಕ್ಕೆ, ಫೆರಿ ಕಟ್ಟೆಯ ಹತ್ತಿರ ಬಿಳಿಯಾಗಿ ದೊಡ್ಡದಾಗುತ್ತಿದ್ದಾಗ, ತೊಂಬತ್ತೆರಡು.

ಅವನು ಓಡಿ ಬಂದ. ಬಾಗಿಲು ಬೀಗ ಹಾಕಿಕೊಂಡಿತ್ತು. ಗಾಜು ತಟ್ಟಿದ. ಓಡ್ನಿ ಒಳಗಿನ ಹಿಡಿಕೆ ಎಳೆದು ತೆರೆದರು.

‘ಸುಧಾರಿಸ್ತಾ?’

‘ತೊಂಬತ್ತೆರಡು.’

‘ಫೆರಿ ಬಂತಲ್ಲೋ.’

ಅವನು ಪರದೆ ಒತ್ತಿದ, ಹಿಡಿದು ಒತ್ತಿದ, ಎರಡು ಬೆರಳಿನಿಂದ ಒತ್ತಿದ. ‘ದಯವಿಟ್ಟು ಅಡ್ಡಿಪಡಿಸಬೇಡಿ’ ಎಂದು ಕಾರು ವಿನಯವಾಗಿ ಬರೆದು ತೋರಿಸಿತು. ಆ ವಿನಯ ಅವನಿಗೆ ಚಿರಪರಿಚಿತ. ಆರು ವರ್ಷದಿಂದ ಅವನೇ ಬರೆಯುತ್ತಿದ್ದದ್ದು ಅಂಥದ್ದನ್ನೇ. ನೂಕೋಣವೆಂದರೆ ಬ್ರೇಕೂ ಅದರ ಹಿಡಿತದಲ್ಲೇ ಇತ್ತು.

ಫೆರಿ ಬಾಯಿ ತೆರೆದು ಕಟ್ಟೆಗೆ ನಾಲಿಗೆ ಚಾಚಿತು. ಆ ದಡದ ಕಾರುಗಳು ಇಳಿದವು. ಫೆರಿಗೆ ಕಾರು ಹತ್ತಿಸುವ, ಹಳದಿ ಅಂಗಿಯ ಡೆಕ್ ಹುಡುಗಿ ಬಂದು ಸಾಲು ಒಂದಕ್ಕೆ ‘ಬಾ’ ಎಂದು ಕೈ ಬೀಸಿದಳು. ಯೋಸ್ಟೈನ್ ‘ನಮಸ್ಕಾರ’ ಎಂಬಂತೆ ಕೈ ಎತ್ತಿದ. ಅವಳು ಮತ್ತೆ ಬೀಸಿದಳು. ಇವನು ಮತ್ತೆ ಎತ್ತಿದ. ಮೂರನೇ ಸಲಕ್ಕೆ ಅವಳೇ ಹತ್ತಿರ ಬಂದಳು.

‘ಏನು, ಬರಲ್ವಾ?’

‘ಅಪ್‌ಡೇಟ್ ಆಗ್ತಿದೆ.’

‘ಈಗಾ?’

‘ಟೈಮ್ ಇತ್ತು. ಬೇಗ ಬಂದಿದ್ದೆ.’

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಬೇಗ ಬಂದ ಗಂಡಸರನ್ನು ಅವಳು ದಿನಾ ನೋಡುತ್ತಿರಬೇಕು. ‘ಸರಿ, ಬೇರೆ ಸಾಲು ಮೊದಲು ಹತ್ತಿಸ್ತೀನಿ. ಏಳು ನಿಮಿಷ ಇದೆ ನಿಂಗೆ,’ ಅಂದು ಸಾಲು ಎರಡನ್ನು ಕರೆದಳು.

ಆಮೇಲಿನದು ಯೋಸ್ಟೈನನ ಬಾಳಿನಲ್ಲಿ ಅತಿ ಉದ್ದದ ಏಳು ನಿಮಿಷ. ಸಾಲು ಎರಡರ ಕಾರುಗಳು ಪಕ್ಕದಲ್ಲೇ ಹಾದುಹೋದವು. ಒಬ್ಬರೂ ಹಾರ್ನ್ ಬಾರಿಸಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎಲ್ಲರೂ ಅವನ ಕಡೆ ನೋಡುವುದನ್ನು ತಪ್ಪಿಸಿ ಎದುರಿನ ಬೆಟ್ಟ ನೋಡುತ್ತ ಹೋದರು. ಆ ಊರಿನ ಜನ ಒಬ್ಬನನ್ನು ಹೀನಾಯವಾಗಿ ಬೈಯುವ ರೀತಿ ಅದು.

ಹಿಂದಿನ ಕುರಿಗಾಡಿಯವನು ಇಳಿದು ಬಂದ. ಅರವತ್ತರ ಆಸುಪಾಸು, ಉಣ್ಣೆ ಟೊಪ್ಪಿಗೆ. ಹೆಸರು ಕೋಲ್ಬೈನ್ ಎಂದು ಹೇಳಿಕೊಂಡ.

‘ಬ್ಯಾಟರಿ ಹೋಯ್ತಾ?’

‘ಇಲ್ಲ, ಬ್ಯಾಟರಿ ತುಂಬಿದೆ.’

‘ಮತ್ತೆ?’

‘ಸೀಟಿನ ಗುಂಡಿಯ ಚಿತ್ರ ದುಂಡಗಾಗ್ತಿದೆ,’ ಅಂದರು ಓಡ್ನಿ ಒಳಗಿಂದ. ಅಷ್ಟು ಹೊತ್ತಿಗೆ ಪರದೆಯ ಮೇಲಿದ್ದದ್ದನ್ನೆಲ್ಲ ಅವರು ಓದಿ ಮುಗಿಸಿದ್ದರು.

ಕೋಲ್ಬೈನ್ ತಲೆದೂಗಿದ. ‘ಒಳ್ಳೇದೇ ಬಿಡು. ಚೌಕ ಇದ್ರೆ ಚುಚ್ಚುತ್ತೆ.’

ಓಡ್ನಿ ಹೆಣಿಗೆ ಚೀಲಕ್ಕೆ ಹಾಕಿ ಕೆಳಗಿಳಿದರು. ‘ಯೋಸ್ಟೈನ್, ನಿನ್ನ ಕಾರು ಇಲ್ಲೇ ಬೇರು ಬಿಟ್ಟು ಮರ ಆಗ್ಲಿ, ನಂಗೇನೂ ಇಲ್ಲ. ಮುಂದಿನ ಫೆರಿ ಹತ್ತೂವರೆಗೆ. ಅದ್ರಲ್ಲಿ ಹೋದ್ರೆ ಹುಡುಗಿ ಒಳಗಂಗೀಲಿ ಪಾದ್ರಿ ಮುಂದೆ ನಿಲ್ಲಬೇಕು. ಪೆಟ್ಟಿಗೆ ತೆಗಿ. ನಾನು ಇವನ ಜೊತೆ ಹೋಗ್ತೀನಿ.’ ಕೋಲ್ಬೈನನ ಕಡೆ ತಿರುಗಿ, ‘ಕರ್ಕೊಂಡು ಹೋಗ್ತೀಯಲ್ಲ?’

‘ಕುರಿ ವಾಸನೆ ಅಡ್ಡಿ ಇಲ್ಲಾಂದ್ರೆ.’

‘ಪೆಟ್ಟಿಗೇಲಿರೋದೂ ಉಣ್ಣೆ ಬಟ್ಟೇನೇ. ನೆಂಟರು ಸಿಕ್ಕ ಹಾಗೆ.’

ಯೋಸ್ಟೈನ್ ಡಿಕ್ಕಿಯ ಗುಂಡಿ ಒತ್ತಿದ. ತೆರೆಯಲಿಲ್ಲ. ಫೋನಿನಿಂದ ಒತ್ತಿದ. ತೆರೆಯಲಿಲ್ಲ. ಹಿಂದಿನ ಸೀಟು ಮಡಿಸೋಣವೆಂದರೆ ಅದಕ್ಕೂ ಗುಂಡಿ. ಮೂರು ವರ್ಷದ ಹಿಂದೆ ಕಾರು ಕೊಳ್ಳುವಾಗ ‘ಡಿಕ್ಕಿಗೆ ಒಂದು ಹಿಡಿಕೆಯೂ ಇಲ್ಲ ನೋಡಿ, ಎಲ್ಲ ಬೆರಳ ತುದಿಯಲ್ಲಿ’ ಎಂದು ಮಾರುವವನು ಹೇಳಿದ್ದಕ್ಕೆ ಸಿಲ್ಯೆ ಹುಬ್ಬು ಗಂಟಿಕ್ಕಿದ್ದಳು. ಇವನು ಮರುಳಾಗಿದ್ದ.

‘ಬೀಗ ಬಿದ್ದಿದೆ,’ ಅಂದ.

ಓಡ್ನಿ ಹಿಂದಿನ ಗಾಜಿನ ಬಳಿ ಬಂದರು. ಬಾಯಿಯ ಎರಡೂ ಕೊನೆ ಕೆಳಗಿಳಿದವು. ಎರಡು ಚಳಿಗಾಲ ಕಣ್ಣು ಕೀಲಿಸಿಕೊಂಡು ಕೂತಿದ್ದ ಹೆಂಗಸು, ಎರಡು ಅಡಿ ಆಚೆ ಇರುವ ಪೆಟ್ಟಿಗೆಯನ್ನು ಗಾಜಿನ ಮೂಲಕ ನೋಡುತ್ತ ನಿಂತರು. ಯೋಸ್ಟೈನನಿಗೆ ಅವರ ಬೈಗುಳ ಬೇಕಿತ್ತು.

ಕೋಲ್ಬೈನ್ ಒಳಗೆ ಬಗ್ಗಿ ನೋಡಿ, ‘ಸ್ಕೀ ಎಲ್ಲಿಂದ ತೂರಿಸ್ತೀಯ?’ ಅಂದ.

ಹಿಂದಿನ ಸೀಟಿನ ನಡುವೆ, ಉದ್ದನೆಯ ಸ್ಕೀ ಪಟ್ಟಿಗಳು ಡಿಕ್ಕಿಯಿಂದ ಒಳಕ್ಕೆ ಚಾಚಲು ಬಿಟ್ಟ ಕಿಂಡಿ. ಪ್ಲಾಸ್ಟಿಕ್ ಮುಚ್ಚಳ, ಬೆರಳಿನಿಂದ ಎಳೆಯುವ ಕೊಕ್ಕೆ. ಕಾರಿನ ಹಿಂಭಾಗದಲ್ಲಿ ಕಂಪ್ಯೂಟರಿಗೆ ಸುಳಿವೇ ಇಲ್ಲದ ಸಂಗತಿ ಅದೊಂದೇ. ಯೋಸ್ಟೈನ್ ಹಬ್ಬದ ಕೋಟು ಕಿತ್ತೆಸೆದು ಸೀಟಿನ ಮೇಲೆ ಕವುಚಿ ಬಿದ್ದ. ಕಿಂಡಿಯೊಳಗೆ ಭುಜದವರೆಗೆ ತೋಳು ಹಾಕಿದ. ಕಾಲೆರಡೂ ಬಾಗಿಲಾಚೆ ನೇತಾಡುತ್ತಿದ್ದವು. ಸಾಲು ಮೂರು ಅದನ್ನು ಹಾದುಹೋಗುತ್ತ ಬೆಟ್ಟವನ್ನು ಇನ್ನೂ ಗಮನವಿಟ್ಟು ನೋಡಿತು.

‘ಪೆಟ್ಟಿಗೆ ಸಿಕ್ತು, ಆದ್ರೆ ಈ ಕಿಂಡೀಲಿ ಹಿಡಿಸಲ್ಲ!’

‘ಮುಚ್ಚಳ ಹರಿ! ಒಂದೊಂದೇ ಎಳಿ. ಏನು ಕೈಗೆ ಸಿಕ್ತು?’

‘ಮೆತ್ತಗಿದೆ, ತೆಳ್ಳಗೆ.’

‘ಅದು ಅಂಗಿ. ಕೊಡು. ಇನ್ನು?’

‘ಭಾರ ಇದೆ. ನೆರಿಗೆ ನೆರಿಗೆ.’

‘ಲಂಗ! ಸೊಂಟದ ಕಡೆಯಿಂದ ಎಳಿಯೋ, ಅಂಚಿಗೆ ಕೈ ಹಾಕಬೇಡ, ನಿನ್ನೆ ಹೊಲಿದಿದ್ದು! ನಿಧಾನ... ನಿಧಾನ... ಹಸೂನ ಕರು ಹಾಕಿಸ್ತಿಲ್ಲ ನೀನು!’

‘ಹಾಕಿಸೋ ತರಾನೇ ಇದೆ,’ ಅಂದ ಕೋಲ್ಬೈನ್. ಆ ವಿದ್ಯೆ ಬಲ್ಲವನಾದ್ದರಿಂದ ಓಡ್ನಿ ಎದುರಾಡಲಿಲ್ಲ.

ಲಂಗ ಬಂತು. ರವಿಕೆ ಬಂತು. ಏಪ್ರನ್ ಬಂತು. ಬೆಳ್ಳಿ ಗುಂಡಿಗಳ ಡಬ್ಬಿ ಉರುಳಿ ಮೂಲೆ ಸೇರಿತ್ತು. ಯೋಸ್ಟೈನ್ ಉಸಿರು ಬಿಗಿಹಿಡಿದು, ಕೆನ್ನೆ ಸೀಟಿಗೆ ಒತ್ತಿ, ಎರಡು ಬೆರಳ ತುದಿಯಿಂದ ಅದನ್ನು ಕೀಳುತ್ತಿರುವಾಗ ಡೆಕ್ ಹುಡುಗಿ ಕೂಗಿದಳು: ‘ಎರಡು ನಿಮಿಷ!’ ಕೋಲ್ಬೈನ್ ಗಾಡಿಗೆ ಓಡಿದ. ಅವನು ಹೊರಬರಬೇಕಾದರೆ ಹಿಂದಿನ ಹತ್ತು ಕಾರೂ ತುಸುತುಸು ಹಿಂದೆ ಸರಿಯಬೇಕು. ಸರಿದವು, ಕೊನೆಯದರಿಂದ ಶುರುವಾಗಿ ಒಂದೊಂದಾಗಿ, ಮದುವೆ ಊಟದ ಪಂಕ್ತಿಯಲ್ಲಿ ಜಾಗ ಬಿಡುವವರ ಹಾಗೆ. ಟ್ರೇಲರ್ ಯೋಸ್ಟೈನನ ಕಾರಿನ ಕನ್ನಡಿ ಸವರಿಕೊಂಡು ಆಚೆ ಬಂತು. ಕುರಿಗಳು ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದವು.

ಡಬ್ಬಿ ಕೈಗೆ ಬಂದೊಡನೆ ಯೋಸ್ಟೈನ್ ಓಡಿ ಓಡ್ನಿಯ ಮಡಿಲಿಗೆ ಹಾಕಿದ. ಡೀಸೆಲ್ ಗಾಡಿಯ ಮುಂದಿನ ಸೀಟಿನಲ್ಲಿ ಅವರು ಲಂಗದ ರಾಶಿಯೊಳಗೆ ಗದ್ದದವರೆಗೆ ಮುಳುಗಿದ್ದರು.

‘ನೀನೂ ನಡೆದು ಹತ್ತು,’ ಅಂದಳು ಡೆಕ್ ಹುಡುಗಿ. ‘ಕಾರಿಗೆ ಏನೂ ಆಗಲ್ಲ.’

ಅವನು ಒಂದು ಹೆಜ್ಜೆ ಇಟ್ಟ. ಓಡ್ನಿ ಕಿಟಕಿಯಿಂದ ಕೈ ಅಡ್ಡ ಹಿಡಿದರು. ‘ಬೇಡ. ದಾರಿಗೆ ಅಡ್ಡ ಕಾರು ಬಿಟ್ಟು ಓಡಿಬಂದ ಅನ್ನೋ ಹೆಸರು ನಮ್ಮ ಮನೆಗೆ ಬೇಡ. ಇಲ್ಲೇ ನಿಂತು ಎಲ್ಲರ ಹತ್ರ ಕ್ಷಮೆ ಕೇಳು.’

ಫೆರಿ ಬಾಯಿ ಮುಚ್ಚಿತು. ಒಂಬತ್ತೂ ಹನ್ನೊಂದು. ಒಂದು ನಿಮಿಷ ತಡ. ನಾಳೆ ಊರಿನ ಪತ್ರಿಕೆಯಲ್ಲಿ ಬಂದರೂ ಬಂದೀತು. ಹತ್ತಲು ಆಗದೆ ಉಳಿದದ್ದು ಸಾಲು ಒಂದರ ಬಾಲದ ಎರಡು ಕಾರು. ಯೋಸ್ಟೈನ್ ಇಬ್ಬರ ಬಳಿಯೂ ಹೋಗಿ ಕ್ಷಮೆ ಕೇಳಿದ. ಮೊದಲನೆಯವಳು ‘ಪರವಾಗಿಲ್ಲ, ಬಿಸಿಲು ಚೆನ್ನಾಗಿದೆ’ ಅಂದಳು. ಎರಡನೆಯವನು ‘ನನ್ನದೂ ಒಂದು ತಿಂಗಳಿಂದ ಕೇಳ್ತಿದೆ, ಒತ್ತಲಾ ಬೇಡ್ವಾ?’ ಎಂದು ಕೇಳಿದ. ಆರು ವರ್ಷದಲ್ಲಿ ಮೊದಲ ಸಲ ಯೋಸ್ಟೈನ್ ‘ಆಮೇಲೆ’ ಅಂದ.

ಒಂಬತ್ತೂ ಹದಿನೇಳಕ್ಕೆ ಅಪ್‌ಡೇಟ್ ಮುಗಿಯಿತು. ‘ನಿಮ್ಮ ಅನುಭವ ಹೇಗಿತ್ತು?’ ಎಂದು ಕಾರು ಐದು ನಕ್ಷತ್ರ ಮುಂದಿಟ್ಟಿತು. ಡಿಕ್ಕಿ ತಾನಾಗಿ, ಬಹಳ ಆತ್ಮೀಯವಾಗಿ ತೆರೆದುಕೊಂಡಿತು. ಒಳಗೆ ಹರಿದ ರಟ್ಟು.

ಹತ್ತೂವರೆಯ ಫೆರಿಯಲ್ಲಿ ಕಾಫಿ ಕೊಡುವ ಹೆಂಗಸು ಅವನ ಮುಖ ನೋಡಿ, ‘ಓ, ನೀನೇನಾ?’ ಅಂದಳು. ಅವನು ಹೌದೆಂದ. ಹತ್ತೂ ಐವತ್ತೆರಡಾದರೂ ಒಂದು ಸುದ್ದಿ ಇಲ್ಲ. ಆ ದಡದಿಂದ ಚರ್ಚಿಗೆ ಇಪ್ಪತ್ತು ನಿಮಿಷದ ದಾರಿ. ಕುರಿಗಾಡಿ ಎಲ್ಲಾದರೂ ನಿಂತಿದ್ದರೆ? ಕಿಂಡಿಯ ಅಂಚಿಗೆ ಸಿಕ್ಕಿ ಹೊಲಿಗೆ ಬಿಟ್ಟಿದ್ದರೆ? ಅವನು ಸಿಲ್ಯೆಗೆ ಫೋನ್ ಮಾಡಿದ. ಎತ್ತಿದ್ದು ಓಡ್ನಿ. ಹಿಂದೆ ಜನರ ಗದ್ದಲ.

‘ಓಡ್ನಿ, ಏನಾಯ್ತು?’

‘ಏನಾಗೋದು? ಉಟ್ಟುಕೊಂಡಳು.’

‘ಅಂಚು?’

‘ಹಿಂದೆ ಮುಂದೆ ಎರಡು ಸಲ ತಿರುಗಿಸಿ ನೋಡಿದೆ. ಶೂ ಮೇಲೆ ಸರಿಯಾಗಿ ಕೂತಿದೆ.’ ದನಿ ಸ್ವಲ್ಪ ಒದ್ದೆಯಾಯಿತು. ಕೆಮ್ಮಿ ಸರಿಮಾಡಿಕೊಂಡರು. ‘ಚೆನ್ನಾಗಿ ಕಾಣ್ತಾಳೆ ಕಣೋ. ಅವಳ ಅಮ್ಮ ಹೀಗೇ ನಿಂತಿದ್ದಳು, ಇದೇ ಮೆಟ್ಟಿಲ ಮೇಲೆ. ನೀನು ನೋಡಬೇಕಿತ್ತು.’

‘ನೋಡಬೇಕಿತ್ತು,’ ಅಂದ ಯೋಸ್ಟೈನ್.

‘ಒಳಗೆ ಕರೀತಿದ್ದಾರೆ. ಇಡ್ತೀನಿ. ನಿಧಾನವಾಗಿ ಬಾ, ಊಟಕ್ಕೆ ತೆಗೆದಿಟ್ಟಿರ್ತೀವಿ.’