ಒತ್ತಿದ ಬಟನ್ ಯಾವ ಹಾಸಿಗೆಯದು?

ಬೆಳಗಿನ ಪಾಳಿಯ ನರ್ಸ್‌ಗಳು ಇನ್ನೂ ಬಂದಿಲ್ಲ. ಹೆಂಗಸರ ವಾರ್ಡಿನಲ್ಲಿ ಒಂದೆರಡು ದೀಪಗಳಷ್ಟೇ ಉರಿಯುತ್ತಿವೆ. ಕಂಪ್ಯೂಟರ್ ಪರದೆಯ ಮುಂದೆ ನಿಂತ ಮಹಿಳೆಯೊಬ್ಬರು ಒಂದು ಬಟನ್ ಒತ್ತುತ್ತಾರೆ, ಸದ್ದಾಗದಂತೆ ನಡೆದು ಹೋಗಿ ಹಾಸಿಗೆಯ ನಂಬರ್ ನೋಡಿ ಬರುತ್ತಾರೆ. ಮತ್ತೆ ಇನ್ನೊಂದು ಬಟನ್, ಇನ್ನೊಂದು ಹಾಸಿಗೆ. ಎಚ್ಚರಗೊಂಡ ರೋಗಿಯೊಬ್ಬರು ಇವರನ್ನು ಕಸ ಗುಡಿಸುವವರೆಂದು ತಿಳಿದು, ಮಂಚದ ಕೆಳಗೂ ನೋಡಮ್ಮ ಎನ್ನುತ್ತಾರೆ. ಇವರು ಬಗ್ಗಿ ನೋಡಿಯೂ ಬಿಡುತ್ತಾರೆ.

ಈ ಪರದೆಯ ಪ್ರೋಗ್ರಾಂ ಬರೆದವರು ಇವರೇ. ನರ್ಸ್‌ಗಳ ಬಾಯಲ್ಲಿ 'ಬಟನ್ ಅಕ್ಕ'. ಗಂಡ ಸಿಟಿ ಬಸ್ ಡ್ರೈವರ್. ಮೊದಲ ಟ್ರಿಪ್‌ನಲ್ಲೇ ಹೆಂಡತಿಯನ್ನು ಇಲ್ಲಿ ಇಳಿಸುತ್ತಾರೆ. ಆಕೆಯ ಕೆಲಸವೇನೆಂದು ಯಾರಾದರೂ ಕೇಳಿದರೆ 'ಕಂಪ್ಯೂಟರ್' ಎಂದಷ್ಟೇ ಹೇಳಿ ಗೇರ್ ಬದಲಿಸುತ್ತಾರಂತೆ.

ಕೆಲಸ ಹೇಳಲು ಸುಲಭ. ಪ್ರತಿ ಹಾಸಿಗೆಗೂ ಪರದೆಯಲ್ಲೊಂದು ಬಟನ್. ಮಾತ್ರೆ ಕೊಟ್ಟ ನರ್ಸ್ ಅದನ್ನು ಒತ್ತಿದರೆ 'ಕೊಟ್ಟಾಯಿತು' ಎಂದು ದಾಖಲಾಗುತ್ತದೆ. ದಾಖಲಿಸುವ ಪ್ರೋಗ್ರಾಂ ತುಣುಕು ಎಲ್ಲ ಬಟನ್‌ಗೂ ಒಂದೇ. ಯಾವ ಹಾಸಿಗೆಗೆ ಎಂಬುದನ್ನು ಬಟನ್ನೇ ಅದಕ್ಕೆ ತಿಳಿಸಬೇಕು.

ಕಳೆದ ತಿಂಗಳು ಎಡವಟ್ಟಾದದ್ದು ಅಲ್ಲೇ. ಪ್ರೋಗ್ರಾಂ ಅಚ್ಚುಕಟ್ಟು ಮಾಡುವ ಉಮೇದಿನಲ್ಲಿ ಅಕ್ಕ ಹಾಸಿಗೆ ನಂಬರನ್ನು ಎಲ್ಲ ಬಟನ್‌ಗೂ ಸೇರಿ ಒಂದೇ ಕಡೆ ಇಟ್ಟರು. ಬಟನ್‌ಗಳು ಒಂದೊಂದಾಗಿ ತಯಾರಾದಂತೆ ಆ ನಂಬರ್ ಬದಲಾಗುತ್ತಾ ಹೋಗಿ, ಕೊನೆಯ ಹಾಸಿಗೆಯದಕ್ಕೆ ನಿಂತಿತು. ಆಮೇಲೆ ಯಾವುದನ್ನು ಒತ್ತಿದರೂ ದಾಖಲೆ ಕೊನೆಯ ಹಾಸಿಗೆಗೇ.

ಪರೀಕ್ಷೆ ಮಾಡಿರಲಿಲ್ಲವೇ ಎಂದು ಅಕ್ಕನನ್ನು ಕೇಳಿದೆ. "ಮಾಡಿದ್ದೆ. ಆಫೀಸಲ್ಲಿ ಒಂದೇ ಹಾಸಿಗೆ ಇಟ್ಕೊಂಡು ನೋಡಿದ್ದೆ. ಒಂದೇ ಇದ್ರೆ ಮೊದಲ್ನೇದೂ ಅದೇ, ಕೊನೇದೂ ಅದೇ ಅಲ್ವಾ? ಎಲ್ಲ ಸರಿಯಾಗೇ ಕಾಣಿಸ್ತು."

ಕಿಟಕಿ ಪಕ್ಕದ ಅಜ್ಜಿಗೆ ಬಿಪಿ ಮಾತ್ರೆ ಕೊಟ್ಟದ್ದು ಬಾಗಿಲ ಬಳಿಯ ಕೊನೆಯ ಹಾಸಿಗೆಗೆ ದಾಖಲಾಯಿತು. ಮುಂದಿನ ಪಾಳಿಯ ನರ್ಸ್ ಅದೇ ಮಾತ್ರೆ ಹಿಡಿದು ಅಜ್ಜಿಯ ಹತ್ತಿರ ಬಂದರು. ಈಗಷ್ಟೇ ನುಂಗಿದೆನಲ್ಲ ಎಂದು ಅಜ್ಜಿ ಹೇಳದಿದ್ದರೆ ಎರಡನೇ ಸಲವೂ ಕೊಟ್ಟುಬಿಡುತ್ತಿದ್ದರು. ಹೆಡ್ ನರ್ಸ್ ಅವತ್ತೇ ಪರದೆ ಆರಿಸಿ, ಹಳೆಯ ಕಾಗದದ ಚಾರ್ಟ್ ತೆಗೆದರು.

ಅಕ್ಕ ಈಗ ಪ್ರತಿ ಬಟನ್‌ಗೂ ಅದರ ಹಾಸಿಗೆಯ ನಂಬರನ್ನು ಹುಟ್ಟುವಾಗಲೇ ಕಟ್ಟಿಕೊಟ್ಟಿದ್ದಾರೆ. ಅದನ್ನು ಬೇರೆ ಬಟನ್ ಮುಟ್ಟುವಂತಿಲ್ಲ. ಪರೀಕ್ಷೆ ಇನ್ನು ವಾರ್ಡಿನಲ್ಲೇ, ಒಂದು ಹಾಸಿಗೆಯೂ ಬಿಡದಂತೆ. ಪರದೆ ಉಳಿಯುತ್ತದೋ ಮೂಲೆ ಸೇರುತ್ತದೋ, ಇವತ್ತು ಹೆಡ್ ನರ್ಸ್ ಹೇಳಬೇಕು.

ಅವರು ಬರುತ್ತಾರೆ. ಮಾತ್ರೆಯ ಟ್ರಾಲಿ ತಳ್ಳಿಕೊಂಡು ಮನಸ್ಸಿಗೆ ಬಂದ ಹಾಸಿಗೆಯಿಂದ ಶುರು ಮಾಡುತ್ತಾರೆ. ಕೊಟ್ಟು ಬಂದು ಒತ್ತುತ್ತಾರೆ, ಕಣ್ಣು ಕಿರಿದು ಮಾಡಿ ಪರದೆ ನೋಡುತ್ತಾರೆ. ಅಕ್ಕ ಸೆರಗಿನ ತುದಿ ಹಿಂಡುತ್ತಾ ಗೋಡೆಗೆ ಒರಗಿದ್ದಾರೆ. ಕೊನೆಯ ಮಾತ್ರೆಯೂ ಮುಗಿದ ಮೇಲೆ ಹೆಡ್ ನರ್ಸ್, "ಪರದೆ ಇರ್ಲಿ. ಕಾಗದಾನೂ ಇರ್ಲಿ, ಸದ್ಯಕ್ಕೆ" ಎಂದು ಟ್ರಾಲಿ ತಿರುಗಿಸುತ್ತಾರೆ.

ಇಷ್ಟಾದರೂ ಕಾಗದ ಬಿಡಲಿಲ್ಲವಲ್ಲ, ಬೇಜಾರಾಗಲಿಲ್ಲವೇ ಎಂದು ಅಕ್ಕನನ್ನು ಕೇಳಿದೆ.

"ಬೇಜಾರ್ಯಾಕೆ? ನನ್ನಮ್ಮ ಇಲ್ಲಿ ಮಲಗಿದ್ರೆ ನಾನೂ ಬಿಡ್ತಿರ್ಲಿಲ್ಲ. ಮತ್ತೆ ಬಟನ್ ಒತ್ತಿದ್ರಲ್ಲ, ಅಷ್ಟು ಸಾಕು."